ತಟ್ಟೆ ಗೀರಿದ್ರೂ ಸರಿ, ಕವರ್ ಬೇಕು

ನಮ್ಮನೇಲಿ ಸುಮಾರು 120 ಹಳೇ ಜಾಝ್ ರೆಕಾರ್ಡ್‌ಗಳಿವೆ. ಅರ್ಧಕ್ಕರ್ಧ ಕರಕರ ಅನ್ನುತ್ತವೆ, ಕೆಲವಂತೂ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು ಹೇಳಿದ್ದೇ ಹೇಳುತ್ತವೆ. ನಂಗೇನೂ ಬೇಜಾರಿಲ್ಲ. ನಾನು ತಂದಿರೋದು ಕವರ್ ಮೇಲಿನ ಚಿತ್ರಕ್ಕೆ. ನ್ಯೂಜೆರ್ಸಿಯಲ್ಲಿ ನಾವಿರುವ ಕಡೆ ಶನಿವಾರ ಬಂತೆಂದರೆ ಯಾರಾದರೊಬ್ಬರ ಮನೆ ಮುಂದೆ ಹಳೇ ಸಾಮಾನಿನ ಮಾರಾಟ ಇದ್ದೇ ಇರುತ್ತೆ. ಬೇರೆಯವರು ಮಿಕ್ಸರ್, ಕುರ್ಚಿ ನೋಡ್ತಾ ಇದ್ರೆ ನಾನು ನೆಲದ ಮೇಲಿರೋ ರಟ್ಟಿನ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತಿರ್ತೀನಿ.

"ಫೋನಲ್ಲೇ ಕವರ್ ಕಾಣುತ್ತಲ್ಲ ಮಾರಾಯ" ಅಂತಾರೆ ಆಫೀಸಿನ ಗೆಳೆಯರು. ಕಾಣುತ್ತೆ, ಹೆಬ್ಬೆರಳ ಉಗುರಿನಷ್ಟು. ಇದು 12 ಇಂಚು ಅಗಲ, 12 ಇಂಚು ಉದ್ದ. ಮಡಿಲಲ್ಲಿಟ್ಟುಕೊಂಡು ನೋಡಬೇಕು.

ಮೊದಲು ಕವರ್ ಮೇಲೆ ಚಿತ್ರ ಅನ್ನೋದೇ ಅಪರೂಪವಾಗಿತ್ತು. ಕಂದು ಬಣ್ಣದ ಬೋಳು ರಟ್ಟು, ಮೇಲೊಂದು ಹೆಸರು, ಅಷ್ಟೇ. ಕೊಲಂಬಿಯಾ ಕಂಪನಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗ 1940ರ ಹೊತ್ತಿಗೆ ಅದನ್ನು ಬದಲಾಯಿಸಿದ. ಆಮೇಲೆ ಅಲ್ಲಿಗೇ ಬಂದ ಜಿಮ್ ಫ್ಲೋರಾ ನನ್ನ ಅಚ್ಚುಮೆಚ್ಚು. ಅವನ ವಾದಕರಿಗೆ ಮುಖ ಹಸಿರು, ಕೈ ನೀಲಿ, ಯಾರ ಕಾಲು ಯಾರಿಗೆ ಸೇರಿದ್ದೋ ದೇವರೇ ಬಲ್ಲ! 1955ರಲ್ಲಿ ಆರ್‌ಸಿಎ ವಿಕ್ಟರ್‌ಗಾಗಿ ಮಾಡಿದ 'ಮ್ಯಾಂಬೋ ಫಾರ್ ಕ್ಯಾಟ್ಸ್'ನಲ್ಲಿ ಬೆಕ್ಕುಗಳೇ ವಾದ್ಯಗೋಷ್ಠಿ ನಡೆಸುತ್ತವೆ. ಅವನು ಮಕ್ಕಳ ಪುಸ್ತಕಗಳನ್ನೂ ಬರೆದು ಚಿತ್ರಿಸಿದವನು ಅಂತ ಗೊತ್ತಾದಾಗ ನಂಗೆ ಆಶ್ಚರ್ಯವಾಗಲಿಲ್ಲ.

ಡೇವಿಡ್ ಸ್ಟೋನ್ ಮಾರ್ಟಿನ್ ಬೇರೆಯೇ ದಾರಿ. ಬರೀ ಶಾಯಿಯ ಗೆರೆ, ಒಂದೆರಡು ಬಣ್ಣ. ಇಂಥ ಕವರುಗಳನ್ನು 400ಕ್ಕೂ ಹೆಚ್ಚು ಮಾಡಿದ್ದಾನೆ. ಬಜೆಟ್ ಕಮ್ಮಿ ಇರೋರು ಇವನಿಂದಲೇ ಶುರು ಮಾಡಿ. ಕ್ಲೆಫ್, ನಾರ್‌ಗ್ರನ್ ಎಂಬ ಲೇಬಲ್‌ಗಳಿಗೆ ಅವನು ಬರೆದ ಎಷ್ಟೋ ಚಿತ್ರಗಳು ಮುಂದೆ ವರ್ವ್ ಲೇಬಲ್‌ನ ಮರುಮುದ್ರಣದಲ್ಲೂ ಬಂದವು. ಮೊದಲ ಮುದ್ರಣವೇ ಬೇಕು ಅನ್ನೋ ಹಟ ಬಿಟ್ಟರೆ ಜೇಬಿಗೆ ಹಗುರ.

ಆಂಡಿ ವಾರ್‌ಹಾಲ್ ಹೆಸರಾಗೋ ಮುಂಚೆ ಹೊಟ್ಟೆಪಾಡಿಗೆ ಜಾಝ್ ಕವರು ಮಾಡಿದ್ದ. 1957ರ 'ದಿ ಸ್ಟೋರಿ ಆಫ್ ಮೂನ್‌ಡಾಗ್' ಮೇಲೆ ಚಿತ್ರವೇ ಇಲ್ಲ, ತುಂಬಾ ಸುರುಳಿ ಸುರುಳಿ ಕೈಬರಹ. ಬರೆದವರು ಅವನ ತಾಯಿ ಜೂಲಿಯಾ. ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗ ಹೆಂಗಸು. ನಮ್ಮಮ್ಮ ಉಪ್ಪಿನಕಾಯಿ ಭರಣಿಗೆ ಅಂಟಿಸೋ ಚೀಟಿ ನೆನಪಾಯ್ತು. ಆ ಅಕ್ಷರವನ್ನ ಯಾರೂ ಕವರಿಗೆ ಹಾಕಲಿಲ್ಲ, ಪಾಪ.

ಆದರೆ ನಾನು ಹೆಚ್ಚು ಹೊತ್ತು ನೋಡೋದು 1959ರ 'ಟೈಮ್ ಔಟ್' ಅನ್ನು. ಡೇವ್ ಬ್ರೂಬೆಕ್ ತಂಡದ್ದು. ಅದರಲ್ಲಿರೋ 'ಟೇಕ್ ಫೈವ್' ಐದರ ಎಣಿಕೆಯಲ್ಲಿದೆ. ಖಂಡಚಾಪು ಕೇಳಿ ಬೆಳೆದವರಿಗೆ ಕಾಲು ತಾನಾಗೇ ತಾಳ ಹಾಕುತ್ತೆ. ಕವರ್ ಮೇಲಿನ ವರ್ಣಚಿತ್ರ ನೀಲ್ ಫುಜಿತಾ ಅವರದು. ಹವಾಯಿಯಲ್ಲಿ ಜಪಾನಿ ದಂಪತಿಗೆ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಪ್ರಜೆಗಳನ್ನು ತಂತಿಬೇಲಿಯ ಶಿಬಿರಗಳಿಗೆ ತಳ್ಳಿತಲ್ಲ, ಚಿತ್ರಕಲೆ ಓದುತ್ತಿದ್ದ ಫುಜಿತಾ ಅವರನ್ನೂ ಕೂಡಿಹಾಕಿತು. ಅಲ್ಲಿಂದ ಅದೇ ದೇಶದ ಸೈನ್ಯ ಸೇರಿ ಹೋರಾಡಿ ಬಂದು, 1954ರಲ್ಲಿ ಕೊಲಂಬಿಯಾ ಸೇರಿದರು. ಆಮೇಲೆ 'ಗಾಡ್‌ಫಾದರ್' ಕಾದಂಬರಿಯ ಮುಖಪುಟ ಮಾಡಿದವರೂ ಇವರೇ. ವೀಸಾ ಕಾಗದ ಹಿಡಿದು ಸಾಲಲ್ಲಿ ನಿಂತು ಬಂದ ನನ್ನಂಥವನಿಗೆ ಆ ಚಿತ್ರದ ಬಣ್ಣದ ಗೋಲಗಳು ಬರೀ ಗೋಲಗಳಾಗಿ ಕಾಣೋದಿಲ್ಲ.

ಅದಕ್ಕೇ ಒಂದು ವಿಷಯದಲ್ಲಿ ನಂಗೆ ಕೋಪ. ಕವರ್ ಕತ್ತರಿಸಿ ಫ್ರೇಮ್ ಹಾಕಿಸಿ, ತಟ್ಟೆಯನ್ನ ಕಸಕ್ಕೆ ಎಸೆಯೋರಿದ್ದಾರೆ. ಯಾರು ಯಾವ ವಾದ್ಯ ನುಡಿಸಿದರು ಅನ್ನೋದೆಲ್ಲ ಇರೋದು ಹಿಂಬದಿಯಲ್ಲಿ. ಕತ್ತರಿಸದೆ ಇಡೀ ಕವರನ್ನೇ ಕೂರಿಸೋ ಫ್ರೇಮ್ ಸಿಗುತ್ತೆ, ಬಿಸಿಲು ಬೀಳದ ಗೋಡೆಗೆ ಹಾಕಿ. ಉಳಿದವನ್ನ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಒಳಗಿನ ತಟ್ಟೆಯ ಅಂಚು ಒತ್ತಿ ಚಿತ್ರದ ಮೇಲೆ ಬಳೆಯಂಥ ಗುರುತು ಬೀಳುತ್ತೆ, ಆಮೇಲೆ ಅದು ಹೋಗಲ್ಲ. ಹಳೇ ಮಾಲೀಕರು ಮೂಲೆಯಲ್ಲಿ ಹೆಸರು ಬರೆದಿದ್ದರೆ ಅಂಗಡಿಯವರು ಬೆಲೆ ಇಳಿಸ್ತಾರೆ. ನಂಗೆ ಅಂಥವೇ ಇಷ್ಟ, ಎರಡು ಲಾಭ.

ಸದ್ಯಕ್ಕೆ ಒಂದು ಅಂಗಡಿಯಲ್ಲಿ ಫ್ಲೋರಾ ಮಾಡಿದ 'ಶಾರ್ಟಿ ರಾಜರ್ಸ್ ಕೋರ್ಟ್ಸ್ ದಿ ಕೌಂಟ್' ಕಣ್ಣಿಗೆ ಬಿದ್ದಿದೆ. ಕೆಳಗಿನ ಅಂಚು ಸೀಳಿದೆ, 40 ಡಾಲರ್ ಅಂತಿದ್ದಾರೆ. ಮನೇಲಿ ಇನ್ನೂ ಹೇಳಿಲ್ಲ. ಶನಿವಾರದವರೆಗೆ ಎತ್ತಿಟ್ಟಿರ್ತೀನಿ ಅಂದಿದ್ದಾರೆ ಅಂಗಡಿಯವರು.