ಚೆಂಡಿನ ವೇಗ ಕುಗ್ಗಿತೇ? ಬೈಯುವ ಮೊದಲು ಎಣಿಸಿ

ಭತ್ತದ ಸುಗ್ಗಿ ಮುಗಿದು ಗದ್ದೆಗಳು ಬಯಲಾದರೆ ಸಾಕು, ತಿ. ನರಸೀಪುರ ತಾಲ್ಲೂಕಿನ ಮೂಗೂರಿನಂಥ ಊರಿನಲ್ಲಿ ಹುಡುಗರಿಗೆ ಕ್ರಿಕೆಟ್ಟಿನ ಸುಗ್ಗಿ. ಕೂಳೆ ಸವರಿ, ನೀರು ಚಿಮುಕಿಸಿ, ನೆಲ ತಟ್ಟಿದರೆ ಪಿಚ್ಚು ಸಿದ್ಧ. ಅಂಥದೊಂದು ತಂಡದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಇದ್ದಾನೆಂದು ಭಾವಿಸಿಕೊಳ್ಳಿ. ಊರಿನಲ್ಲೇ ಅತ್ಯಂತ ವೇಗದ ಬೌಲರು. ಪಂದ್ಯ ಬಿಗಿಯಾದಾಗಲೆಲ್ಲ ಕೊನೆಯ ಓವರು ಅವನದೇ. ಆದರೆ ಹದಿನೈದು ದಿನಗಳಿಂದ ಅವನ ಚೆಂಡು ಮೊದಲಿನಂತೆ ಓಡುತ್ತಿಲ್ಲ. ಬೇಲಿಯ ಬಳಿ ನಿಂತ ತಂದೆಗೆ ತಾಳ್ಮೆ ತಪ್ಪುತ್ತದೆ.

“ಯಾಕ್ಲಾ, ಎರಡು ಓವರಿಗೇ ಸುಸ್ತಾದಾ? ಇನ್ನೂ ಜೋರಾಗಿ ಹಾಕು!”

“ಆಯ್ತಾ ಇಲ್ಲ ಕಣಪ್ಪ, ಹೆಗಲು ಹಿಡ್ಕೊಂಡದೆ.”

ಇದು ಮೈಗಳ್ಳತನವೇ? ಅಭ್ಯಾಸ ಸಾಲದೇ? ಇನ್ನೂ ಹೆಚ್ಚು ಬೌಲ್ ಮಾಡಿದರೆ ವೇಗ ಮರಳಿ ಬರುತ್ತದೆಯೇ? ಅನೇಕ ಮನೆಗಳಲ್ಲಿ ಏಳುವ ಈ ಪ್ರಶ್ನೆಗಳಿಗೆ ವಿಜ್ಞಾನದ ಬಳಿ ಉತ್ತರವಿದೆ.

ಮೊದಲು ವೇಗದ ಲೆಕ್ಕ ನೋಡೋಣ. ಪಿಚ್ಚಿನಲ್ಲಿ ಎರಡು ಕ್ರೀಸುಗಳ ನಡುವಿನ ಅಂತರ 17.68 ಮೀಟರು. ಗಂಟೆಗೆ 140 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 38.9 ಮೀಟರು. ಚೆಂಡು ನೆಲಕ್ಕೆ ಬಡಿದಾಗ ಕಳೆದುಕೊಳ್ಳುವ ವೇಗವನ್ನು ಬದಿಗಿಟ್ಟರೆ ಅದು ಬ್ಯಾಟುಗಾರನನ್ನು ತಲುಪಲು 0.45 ಸೆಕೆಂಡು ಸಾಕು. ವೇಗ 130 ಕಿ.ಮೀ.ಗೆ ಇಳಿದರೆ 0.49 ಸೆಕೆಂಡು ಬೇಕು. ವ್ಯತ್ಯಾಸ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದರೆ ಆಡುವವನಿಗೆ ಅಷ್ಟೇ ದೊಡ್ಡ ಬಿಡುವು. ಇನ್ನು ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವೆಂದು ಪಾಠದಲ್ಲಿ ಓದಿದ್ದೀರಿ. ಆದ್ದರಿಂದ ವೇಗ ಶೇ. 7ರಷ್ಟು ಇಳಿದರೆ ಚೆಂಡಿನ ಚಲನಶಕ್ತಿ ಸುಮಾರು ಶೇ. 14ರಷ್ಟು ಇಳಿಯುತ್ತದೆ. ನೋಡುವವರಿಗೆ ಅಲ್ಪವೆನಿಸುವ ಇಳಿಕೆಯ ಹಿಂದೆ ದೇಹದೊಳಗೆ ದೊಡ್ಡ ಬದಲಾವಣೆಯೇ ಇರಬಹುದು.

ಆ ಬದಲಾವಣೆ ಎಲ್ಲಿ? ಹೆಗಲಿನ ಕೀಲನ್ನು ಗಮನಿಸಿ. ಸೊಂಟದ ಕೀಲು ಒರಳಿನೊಳಗೆ ಕೂತ ಗುಂಡುಕಲ್ಲಿನಂತೆ ಆಳವಾದದ್ದು. ಹೆಗಲಿನ ಕೀಲಾದರೋ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ತೋಳು ಎಲ್ಲ ದಿಕ್ಕಿಗೂ ತಿರುಗಬೇಕಲ್ಲ, ಅದಕ್ಕೆ ಪ್ರಕೃತಿ ಆಳವನ್ನು ಬಿಟ್ಟುಕೊಟ್ಟಿದೆ. ಆ ನಿಂಬೆಹಣ್ಣು ಜಾರದಂತೆ ಸುತ್ತಲಿಂದ ಹಿಡಿದಿಡುವ ನಾಲ್ಕು ಸ್ನಾಯುಗಳಿಗೆ ರೊಟೇಟರ್ ಕಫ್ ಎಂದು ಹೆಸರು. ಚೆಂಡು ಕೈಬಿಟ್ಟ ಮೇಲೆ ಅದೇ ವೇಗದಲ್ಲಿ ಮುನ್ನುಗ್ಗುವ ತೋಳಿಗೆ ಬ್ರೇಕು ಹಾಕುವ ಕೆಲಸದಲ್ಲೂ ಇವುಗಳ ಪಾಲು ದೊಡ್ಡದು. ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ತಡೆದು ಹಿಡಿಯುವ ಎತ್ತುಗಳ ಕೆಲಸವೇ ಇದು. ಗಾಡಿಯ ಓಟ ಎಲ್ಲರಿಗೂ ಕಾಣುತ್ತದೆ, ಎತ್ತಿನ ಕತ್ತಿನ ನೋವು ಯಾರಿಗೂ ಕಾಣುವುದಿಲ್ಲ. ಈ ಸ್ನಾಯುಗಳು ದಣಿದಾಗ ತೋಳಿನ ರಭಸ ತಾನಾಗಿ ತಗ್ಗುತ್ತದೆ. ಆಗಲೂ ಹಟ ಹಿಡಿದು ವೇಗವಾಗಿ ಎಸೆಯಲು ಹೋದರೆ ಭಾರವೆಲ್ಲ ಬೆನ್ನಿನ ಮೇಲೆ ಬೀಳುತ್ತದೆ.

ಬೆನ್ನಿನ ಕಥೆಯನ್ನು ಒಂದು ಸಣ್ಣ ಪ್ರಯೋಗದಿಂದ ತಿಳಿಯಬಹುದು. ತೆಳುವಾದ ಕಬ್ಬಿಣದ ತಂತಿಯೊಂದನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋಗಿ. ಹತ್ತು ಸಲ ಏನೂ ಆಗದಿರಬಹುದು. ಆಮೇಲೊಮ್ಮೆ ತಟ್ಟನೆ ಮುರಿಯುತ್ತದೆ. ವೇಗದ ಬೌಲರು ಮುಂದಿನ ಕಾಲನ್ನು ಊರಿದಾಗ ನೆಲ ಅವನನ್ನು ದೇಹತೂಕದ ಐದಾರು ಪಟ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಅದೇ ಕ್ಷಣದಲ್ಲಿ ಸೊಂಟ ಬಾಗಿ ತಿರುಗುತ್ತಿರುತ್ತದೆ. ಹೀಗೆ ನೂರಾರು ಸಲವಾದರೆ ಕೆಳಬೆನ್ನಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಮೂಳೆಗೂ ತಂತಿಗೂ ಒಂದು ವ್ಯತ್ಯಾಸವಿದೆ. ಮೂಳೆ ಜೀವಂತ. ಬಿಡುವು ಕೊಟ್ಟರೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಬಿಡುವೇ ಇಲ್ಲದಿದ್ದರೆ ತಂತಿಯ ಗತಿಯೇ ಅದಕ್ಕೂ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಅವರಿಗೆ ಅಪಾಯ ಹೆಚ್ಚು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಬೆನ್ನಿನ ಇಂಥದೇ ಬಿರುಕಿನಿಂದ 2023ರ ಐಪಿಎಲ್‌ನಲ್ಲಿ ಆಡಲಾಗಲಿಲ್ಲ. ಜಸ್‌ಪ್ರೀತ್ ಬುಮ್ರಾ 2024-25ರ ಆಸ್ಟ್ರೇಲಿಯಾ ಪ್ರವಾಸದ ಐದು ಟೆಸ್ಟುಗಳಲ್ಲಿ 150ಕ್ಕೂ ಹೆಚ್ಚು ಓವರು ಎಸೆದು 32 ವಿಕೆಟ್ ಪಡೆದರು. ಕೊನೆಗೆ ಸಿಡ್ನಿಯ ಎರಡನೇ ಇನಿಂಗ್ಸಿನಲ್ಲಿ, ತಂಡಕ್ಕೆ ಅವರು ಬೇಕೇಬೇಕಾಗಿದ್ದಾಗ, ಬೆನ್ನು ಹಿಡಿದುಕೊಂಡು ಒಂದು ಚೆಂಡನ್ನೂ ಎಸೆಯಲಾಗಲಿಲ್ಲ.

ನಮ್ಮ ಜಿಲ್ಲೆಯ ಉದಾಹರಣೆ ಇನ್ನೂ ಹತ್ತಿರದ್ದು. ಮೈಸೂರಿನ ಜಾವಗಲ್ ಶ್ರೀನಾಥ್ 1989-90ರಲ್ಲಿ ಕರ್ನಾಟಕದ ಪರ ಆಡಿದ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಗಳಿಸಿದವರು. ಎಸ್‌ಜೆಸಿಇಯಲ್ಲಿ ಓದಿದ ಎಂಜಿನಿಯರು. 1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ 21 ರನ್ನಿಗೆ 6 ವಿಕೆಟ್ ಕಿತ್ತು ದಕ್ಷಿಣ ಆಫ್ರಿಕವನ್ನು 105ಕ್ಕೆ ಉರುಳಿಸಿದರು. ಆಗ ಭಾರತದ ವೇಗದ ದಾಳಿಯ ಹೆಚ್ಚಿನ ಭಾರ ಅವರ ಹೆಗಲ ಮೇಲೇ ಇತ್ತು. ನಾಲ್ಕೇ ತಿಂಗಳಲ್ಲಿ, 1997ರ ಮಾರ್ಚಿನಲ್ಲಿ, ಆ ಹೆಗಲಿನ ರೊಟೇಟರ್ ಕಫ್ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಆಟಕ್ಕೆ ಇಳಿಯಲು ನವೆಂಬರ್ ಬರಬೇಕಾಯಿತು.

ಮುಂದಿನದೇ ಮುಖ್ಯ ಪಾಠ. ಎಂಟು ತಿಂಗಳ ಬಿಡುವು ಅವರನ್ನು ಮುಗಿಸಲಿಲ್ಲ, ಉಳಿಸಿತು. 1999ರ ಫೆಬ್ರುವರಿಯಲ್ಲಿ ಕೋಲ್ಕತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. ಅದೇ ವರ್ಷದ ವಿಶ್ವಕಪ್ಪಿನ ಅತಿವೇಗದ ಬೌಲರುಗಳಲ್ಲಿ ಅವರೂ ಒಬ್ಬರಾಗಿದ್ದರು. ವಯಸ್ಸಿನೊಂದಿಗೆ ವೇಗ ಇಳಿದಾಗ ನಿಖರತೆ, ಸೀಮ್, ಕಟ್ಟರ್‌ಗಳನ್ನು ನೆಚ್ಚಿಕೊಂಡು 2003ರ ವಿಶ್ವಕಪ್ಪಿನವರೆಗೂ ಆಡಿದರು. 67 ಟೆಸ್ಟುಗಳಲ್ಲಿ 236, ಒಂದು ದಿನದ 229 ಪಂದ್ಯಗಳಲ್ಲಿ 315 ವಿಕೆಟ್ ಅವರ ಗಳಿಕೆ. ಅವರ ಜೊತೆಗಾರ ವೆಂಕಟೇಶ್ ಪ್ರಸಾದ್ ಅವರಷ್ಟು ವೇಗದವರಲ್ಲ. ಆದರೂ 1999ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ 27 ರನ್ನಿಗೆ 5 ವಿಕೆಟ್ ಪಡೆದರು. ವೇಗವೊಂದೇ ಬೌಲಿಂಗ್ ಅಲ್ಲ.

ಈಗ ನಮ್ಮ ಹುಡುಗನ ಲೆಕ್ಕಕ್ಕೆ ಬರೋಣ. ವಾರದಲ್ಲಿ ಎರಡು ಸಂಜೆ ಶಾಲೆಯ ಅಭ್ಯಾಸ, ತಲಾ 6 ಓವರು. ಶನಿವಾರ ಶಾಲೆಯ ಪಂದ್ಯದಲ್ಲಿ 6. ಭಾನುವಾರ ಊರಿನ ಟೂರ್ನಿಯ ಮೂರು ಪಂದ್ಯಗಳಲ್ಲಿ ತಲಾ 2. ಒಟ್ಟು 24 ಓವರು, ಅಂದರೆ 144 ಎಸೆತ. ನಾಲ್ಕು ಪಂದ್ಯಗಳಿಗೂ ಮುಂಚೆ ಕೈ ಬಿಸಿ ಮಾಡಿಕೊಳ್ಳಲು ಹತ್ತತ್ತು ಎಸೆತ ಸೇರಿಸಿ, 184. ಬೌಂಡರಿಯಿಂದ ಎಸೆದ ಚೆಂಡುಗಳು ಬೇರೆ. ಶಾಲೆಯ ಮೇಷ್ಟರಿಗೆ ಗೊತ್ತಿರುವುದು ಶಾಲೆಯ ಲೆಕ್ಕ. ಟೂರ್ನಿಯ ನಾಯಕನಿಗೆ ಗೊತ್ತಿರುವುದು “ಎರಡೇ ಓವರು”. ಪೂರ್ತಿ ಮೊತ್ತ ಗೊತ್ತಿರುವುದು ಆ ಹೆಗಲಿಗೆ ಮಾತ್ರ!

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಕಥೆ. ಅಲ್ಲಿ ಪಂದ್ಯದ ಕೊನೆಯಲ್ಲಿ ಬಂದು ಎಸೆಯುವ ರಿಲೀಫ್ ಪಿಚರ್ ಎಂಬ ಆಟಗಾರನಿರುತ್ತಾನೆ. ಅವನು ಅಂಕಣಕ್ಕೆ ಬರುವ ಮುಂಚೆ ಬುಲ್‌ಪೆನ್ ಎಂಬ ಪಕ್ಕದ ಜಾಗದಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತಾನೆ. ಎಷ್ಟೋ ದಿನ ಆಡದೆಯೇ ಹಿಂದಿರುಗುತ್ತಾನೆ. ಆ ಎಸೆತಗಳು ಅಂಕಪಟ್ಟಿಯಲ್ಲಿ ಬರುವುದಿಲ್ಲ, ತೋಳಿಗೆ ಮಾತ್ರ ಲೆಕ್ಕ ತಪ್ಪುವುದಿಲ್ಲ. ಅವನ ವೇಗ ಇಳಿದರೆ ಮೊದಲು ಹುಡುಕುವುದು, ಈಚೆಗೆ ಅವನನ್ನು ಎಷ್ಟು ದುಡಿಸಿಕೊಂಡಿದ್ದಾರೆ ಎಂದು. ಮಕ್ಕಳಿಗಾಗಿ 2014ರಲ್ಲಿ ಅಲ್ಲಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ 13-14 ವರ್ಷದವರಿಗೆ ದಿನಕ್ಕೆ 95 ಎಸೆತದ ಮಿತಿ. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟ್ಟಿನ ಎಸೆತದ ರೀತಿ ಬೇರೆಯಾದ್ದರಿಂದ ಅಂಕಿ ಹಾಗೇ ಹೊಂದದು, ತತ್ವ ಹೊಂದುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಪ್ರಕಟಿಸಿದ ಸೂಚಿಯಲ್ಲಿ 14-15ರ ವೇಗದ ಬೌಲರಿಗೆ ಒಂದು ಸರದಿಯಲ್ಲಿ 6, ದಿನಕ್ಕೆ 12 ಓವರಿನ ಮಿತಿಯಿದೆ.

ವೇಗ ಇಳಿಯಲು ಬೇರೆ ಕಾರಣಗಳೂ ಇರಬಹುದು. ಹುಡುಗ ಒಮ್ಮೆಲೇ ಎತ್ತರ ಬೆಳೆದಿದ್ದರೆ ಕೈಕಾಲುಗಳ ಹೊಂದಾಣಿಕೆ ಕೆಲಕಾಲ ತಪ್ಪುತ್ತದೆ. ನಿದ್ದೆ ಸಾಲದಿದ್ದರೂ, ಜ್ವರ ಬಂದು ಹೋಗಿದ್ದರೂ ಹಾಗೆಯೇ. ಎರಡು ರೂಪಾಯಿಯ ಪೆನ್ನು, ಹಳೆಯ ನೋಟುಪುಸ್ತಕ ಸಾಕು. ದಿನಾಂಕ, ಎಲ್ಲಿ ಆಡಿದ್ದು, ಎಷ್ಟು ಎಸೆತ, ಎಲ್ಲಿ ನೋವು ಎಂದು ನಾಲ್ಕು ಅಂಕಣ ಗೆರೆ ಎಳೆಯಿರಿ. ಹುಡುಗನೇ ಬರೆಯಲಿ, ಭಾನುವಾರ ರಾತ್ರಿ ಕೂಡಿಸಲಿ. ಒಂದು ವಾರಕ್ಕಿಂತ ಮುಂದಿನ ವಾರ ಮೊತ್ತ ಒಮ್ಮೆಲೇ ಏರದಂತೆ ಹಿರಿಯರು ನೋಡಿಕೊಳ್ಳಲಿ. ಕೆಳಬೆನ್ನಿನ ಒಂದು ಬದಿಗೆ ನೋವಿದ್ದು, ಹಿಂದಕ್ಕೆ ಬಾಗಿದಾಗ ಹೆಚ್ಚುತ್ತಿದ್ದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣುವುದುಂಟು.

ಆ ತಂದೆಯ ಸಿಟ್ಟಿನಲ್ಲೂ ಮಗನ ಮೇಲಿನ ಆಸೆಯೇ ಇದೆ. ಆದರೆ ನೊಗ ಹೊತ್ತು ಕತ್ತು ಊದಿಕೊಂಡ ಎತ್ತನ್ನು ಯಾವ ರೈತನೂ ಮರುದಿನ ಗಾಡಿಗೆ ಹೂಡುವುದಿಲ್ಲ. ಎತ್ತಿಗೆ ತೋರಿಸುವ ಆ ಕರುಣೆ ಮಗನ ಹೆಗಲಿಗೂ ಸಲ್ಲಲಿ. ಮುಂದಿನ ಭಾನುವಾರ ಕೊನೆಯ ಓವರನ್ನು ಬೇರೆ ಹುಡುಗ ಎಸೆಯಲಿ. ಪಂದ್ಯ ಸೋತರೂ ಚಿಂತೆಯಿಲ್ಲ, ಮುಂದಿನ ಸುಗ್ಗಿಗೆ ಗದ್ದೆ ಮತ್ತೆ ಬಯಲಾಗುತ್ತದೆ.