ಪರಂಗಿ ತೋಟದಲ್ಲಿ ಗಂಡು ಹೆಣ್ಣಿನ ಆಯ್ಕೆ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಬೋರ್‌ವೆಲ್ ನೀರನ್ನೇ ನಂಬಿ ಪರಂಗಿ ತೋಟ ಮಾಡುವ ರೈತ ಬಾಂಧವರಲ್ಲಿ ನಮ್ಮದೊಂದು ಬಿನ್ನಹವಿದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರು, ಎಂದರೆ 22 ಅಂಗುಲದಷ್ಟು ಮಳೆ ಕಾಣುವ ಸೀಮೆ ನಮ್ಮದು. ಇಂಥ ಕಡೆ ಕಾಯಿ ಬಿಡದ ಗಂಡು ಗಿಡಕ್ಕೆ ನೀರುಣಿಸುವುದು ನಷ್ಟ. ಆತುರಪಟ್ಟು ಒಳ್ಳೆಯ ಗಿಡವನ್ನು ಕಡಿದುಹಾಕುವುದು ಅದಕ್ಕಿಂತ ದೊಡ್ಡ ನಷ್ಟ. ಹೂವು ಕಾಣುವ ತನಕ ಯಾವ ಸಸಿಯನ್ನೂ ಕಡಿಯಬಾರದು. ಗುರುತು ಸ್ಪಷ್ಟವಾದ ಮೇಲೆ ಬೇಡದ ಗಿಡವನ್ನು ಉಳಿಸಬಾರದು. ಇದು ನಮ್ಮ ಅಭಿಪ್ರಾಯ.

ಗಿಡಗಳಲ್ಲಿಯೂ ಗಂಡು ಹೆಣ್ಣೆಂಬ ಭೇದವುಂಟೆಂದು 1694ರಲ್ಲಿ ಜರ್ಮನಿಯ ಕಮೆರಾರಿಯಸ್ ಎಂಬ ವಿದ್ವಾಂಸರು ಪ್ರಯೋಗ ಮಾಡಿ ತೋರಿಸಿದರು. ಅವರು ಪರೀಕ್ಷಿಸಿದ ಗಿಡಗಳಲ್ಲಿ ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಚೆನ್ನಾಗಿ ಪರಿಚಯವಿರುವ ಹಿಪ್ಪುನೇರಳೆಯ ಜಾತಿಯೂ ಒಂದು. ಆದರೆ ಹಿಪ್ಪುನೇರಳೆಯಲ್ಲಿ ನಮಗೆ ಬೇಕಾದುದು ಸೊಪ್ಪು; ಗಂಡಾದರೇನು, ಹೆಣ್ಣಾದರೇನು? ಪರಂಗಿಯಲ್ಲಿ ನಮಗೆ ಬೇಕಾದುದು ಹಣ್ಣು. ಆದ್ದರಿಂದ ಇಲ್ಲಿ ಭೇದ ತಿಳಿಯದೆ ಗತಿಯಿಲ್ಲ.

ಬೀಜದ ಬಣ್ಣ ನೋಡಿ, ಬೇರಿನ ಕವಲು ನೋಡಿ, ಎಲೆಯ ಸೀಳು ನೋಡಿ ಸಸಿಯಲ್ಲೇ ಗಂಡು ಹೆಣ್ಣು ಹೇಳುವವರುಂಟು. ಇವು ನಂಬತಕ್ಕ ಗುರುತುಗಳಲ್ಲ. ಈ ಭೇದ ಬೀಜ ಕಟ್ಟುವಾಗಲೇ ಅದರೊಳಗೆ ನಿಶ್ಚಯವಾಗಿರುತ್ತದೆ. ಪರಂಗಿಯಲ್ಲಿ ಇದನ್ನು ನಿರ್ಧರಿಸುವ ವರ್ಣತಂತುವಿನ ಭಾಗವನ್ನು 2004ರಲ್ಲಿ ವಿಜ್ಞಾನಿಗಳು ವಿವರಿಸಿದ್ದಾರೆ. ಪ್ರಯೋಗಶಾಲೆಯಲ್ಲಿ ಎಲೆಯ ಚೂರಿನಿಂದಲೇ ಇದನ್ನು ಪತ್ತೆ ಮಾಡಬಹುದು. ಹೊಲದ ಬದುವಿನಲ್ಲಿ ನಿಂತು ಬರಿಗಣ್ಣಿನಿಂದ ಹೇಳಲಾಗದು.

ಹಾಗಾದರೆ ಮಾಡತಕ್ಕದ್ದೇನು? ಸ್ವಲ್ಪ ಲೆಕ್ಕ ಹಾಕೋಣ. ಆರಡಿಗೆ ಆರಡಿ ಅಂತರದಲ್ಲಿ ಎಕರೆಗೆ ಸುಮಾರು 1,200 ಗುಣಿಗಳಾಗುತ್ತವೆ. ಗಂಡು, ಹೆಣ್ಣು ಬೇರೆ ಬೇರೆಯಾಗಿರುವ ತಳಿಯಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ಗುಣಿಗೆ ಒಂದೇ ಸಸಿ ನೆಟ್ಟರೆ ಸುಮಾರು 600 ಗುಣಿಗಳು ಗಂಡಿನ ಪಾಲು. ಎರಡು ನೆಟ್ಟರೆ ಎರಡೂ ಗಂಡಾಗುವ ಗುಣಿಗಳು 300. ಮೂರು ನೆಟ್ಟರೆ ಎಂಟರಲ್ಲೊಂದು ಪಾಲು, ಎಂದರೆ 150 ಮಾತ್ರ. ಪರಾಗಕ್ಕಾಗಿ ಹತ್ತು ಹದಿನೈದು ಹೆಣ್ಣಿಗೆ ಒಂದು ಗಂಡು ಹೇಗೂ ಬೇಕು. ಹೀಗೆ ಮೂರು ಸಸಿಯ ಲೆಕ್ಕ ಹೆಚ್ಚು ಕಡಿಮೆ ಸರಿದೂಗುತ್ತದೆ. ಮೂರು ಸಸಿಗೆ ನೀರು ಮೂರು ಪಟ್ಟು ಬೇಕೆಂದು ಹೆದರಬೇಕಾಗಿಲ್ಲ. ಎಳೆಯದರಲ್ಲಿ ಡ್ರಿಪ್ಪಿನ ನೀರು ಬೀಳುವುದು ಗುಣಿಗೆ, ಎಣಿಸಿ ಸಸಿಗಲ್ಲ.

ನೆಟ್ಟು ನಾಲ್ಕೈದು ತಿಂಗಳಿಗೆ ಹೂವು ಕಾಣುತ್ತದೆ. ಉದ್ದನೆಯ ತೊಟ್ಟು ಜೋತುಬಿದ್ದು, ಕವಲೊಡೆದು, ತುಂಬ ಸಣ್ಣ ಹೂಗಳಿದ್ದರೆ ಅದು ಗಂಡು. ಎಲೆಯ ಕಂಕುಳಲ್ಲಿ ಕಾಂಡಕ್ಕೆ ಅಂಟಿದಂತೆ ದಪ್ಪ ಮೊಗ್ಗಿದ್ದು, ಬಿಡಿಸಿದರೆ ಒಳಗೆ ಗುಂಡನೆಯ ಪುಟ್ಟ ಕಾಯಿ ಮಾತ್ರ ಕಂಡರೆ ಹೆಣ್ಣು. ನೀಳವಾದ ಪುಟ್ಟ ಕಾಯಿಯ ಜೊತೆಗೆ ಹಳದಿ ಕೇಸರಗಳೂ ಕಂಡರೆ ಅದು ಎರಡೂ ಕೂಡಿದ ದ್ವಿಲಿಂಗಿ. ಪೇಟೆಯವರು ಕೇಳುವ ಉದ್ದನೆಯ ಹಣ್ಣು ಬರುವುದು ಇದರಿಂದಲೇ. ಬೇಡದ ಗಿಡವನ್ನು ಕಿತ್ತರೆ ಪಕ್ಕದ ಗಿಡದ ಬೇರು ಅಲುಗುತ್ತದೆ, ನೆಲಮಟ್ಟಕ್ಕೆ ಕೊಯ್ದುಬಿಡಿ. ಪರಾಗಕ್ಕೆ ಬಿಡುವ ಗಂಡುಗಳು ಒಂದೇ ಮೂಲೆಯಲ್ಲಿರದೆ ತೋಟದಲ್ಲೆಲ್ಲ ಹರಡಿರಲಿ.

ಇಲ್ಲಿ ಒಂದು ಎಚ್ಚರಿಕೆ. ಕಲ್ಯಾಣದುರ್ಗದ ಕಡೆಯ ಬೇಸಿಗೆಯಂಥ ಬಿಸಿಲಿಗೂ, ನೀರಿನ ಕೊರತೆಗೂ ಸಿಕ್ಕಿದ ದ್ವಿಲಿಂಗಿ ಗಿಡ ಕೆಲವು ಕಾಲ ಕಾಯಿ ಕಟ್ಟದ, ಗಂಡಿನಂಥ ಹೂಗಳನ್ನೇ ಬಿಡುವುದುಂಟು. ಅದನ್ನು ಕಂಡು ಕೊಡಲಿ ಎತ್ತಬೇಡಿ. ಮೊಳಗಟ್ಟಲೆ ಜೋತುಬೀಳುವ ತೊಟ್ಟಿಲ್ಲದಿದ್ದರೆ ಅದು ಗಂಡಲ್ಲ. ನೀರು ಸಿಕ್ಕಿ ತಂಪು ಬಂದ ಮೇಲೆ ಮತ್ತೆ ಕಾಯಿ ಕಟ್ಟುತ್ತದೆ.

ಗಂಡು ಗಿಡದ ತಲೆ ಕಡಿದರೆ, ಕಾಂಡಕ್ಕೆ ಮೊಳೆ ಹೊಡೆದರೆ ಅದು ಹೆಣ್ಣಾಗುತ್ತದೆಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಗಂಡು ಗಿಡ ತಾನಾಗಿಯೇ ಒಮ್ಮೊಮ್ಮೆ ತೊಟ್ಟಿನ ತುದಿಯಲ್ಲಿ ನಾಲ್ಕು ಕಾಯಿ ಬಿಡುವುದುಂಟು. ಹೆಸರು ಮಾತ್ರ ಮೊಳೆಗೆ. ಹಿಪ್ಪುನೇರಳೆಯನ್ನು ಸವರಿದಷ್ಟೂ ಚಿಗುರೀತು, ಪರಂಗಿಯ ರೀತಿ ಬೇರೆ. ಅದರ ಕಾಂಡ ಒಳಗೆ ಪೊಳ್ಳು. ತಲೆ ಕಡಿದರೆ ಮಳೆನೀರು ಇಳಿದು ಕೊಳೆಯುತ್ತದೆ. ಪರಂಗಿಯಲ್ಲಿ ಕೈಯಾಡಿಸತಕ್ಕ ಕೆಲಸ ಇಷ್ಟೇ: ಬುಡದಿಂದ ಬರುವ ಪಕ್ಕದ ಚಿಗುರನ್ನು ಎಳೆಯದರಲ್ಲೇ ಚಿವುಟುವುದು, ಒಣಗಿದ ಎಲೆ ತೆಗೆಯುವುದು, ಒತ್ತಾಗಿ ಕಟ್ಟಿದ ಕಾಯಿಗಳಲ್ಲಿ ಸೊಟ್ಟವನ್ನೂ ಸಣ್ಣವನ್ನೂ ಬಿಡಿಸುವುದು.

ಎಲ್ಲ ತಳಿಗೂ ಮೂರು ಸಸಿಯ ಲೆಕ್ಕವಲ್ಲ. ತೈವಾನ್ ರೆಡ್ ಲೇಡಿ, ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿ ಡ್ಯೂ, ಕೊಯಮತ್ತೂರಿನ ಕೋ-7 ಇವುಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳೇ ಇರುತ್ತವೆ. ದುಬಾರಿ ಸಸಿಯನ್ನು ಗುಣಿಗೆ ಮೂರು ಸುರಿಯುವುದು ದುಂದು. ಆದರೆ ಇಂಥ ಹಣ್ಣಿನ ಬೀಜವನ್ನು ಮನೆಯಲ್ಲೇ ಎತ್ತಿಟ್ಟು ಬಿತ್ತುವವರು, ನೆರೆತೋಟದ ಗಂಡಿನ ಪರಾಗ ಬಂದಿದ್ದರೆ ಗಂಡು ಸಸಿಗಳು ಹುಟ್ಟುತ್ತವೆಂಬುದನ್ನು ಮರೆಯಬಾರದು.

ಆದ್ದರಿಂದ ಸಸಿ ಕೊಳ್ಳುವಾಗ ಬೆಲೆ ಕೇಳುವ ಮುಂಚೆ ತಳಿ ಯಾವುದು, ಅದರಲ್ಲಿ ಗಂಡು ಬೇರೆಯಾಗಿ ಹುಟ್ಟುತ್ತದೆಯೇ ಎಂದು ಕೇಳಿ. ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವನಲ್ಲಿ ವ್ಯಾಪಾರ ಬೇಡ. ಬಾಯಿಮಾತಿಗೆ ಐದು ತಿಂಗಳ ನೀರನ್ನು ಒತ್ತೆಯಿಡುವಷ್ಟು ಸಿರಿ ನಮ್ಮ ಬೋರ್‌ವೆಲ್ಲುಗಳಿಗಿಲ್ಲ.