ಪಾಠದ ಚಿತ್ರಕ್ಕೆ ಒಡೆಯರಾರು?

ಶಿವಮೊಗ್ಗೆ, ಭದ್ರಾವತಿಗಳ ಶಾಲೆಗಳಲ್ಲಿಯೂ ಈಗ ಉಪಾಧ್ಯಾಯರು ಪಾಠಕ್ಕೆ ಬೇಕಾದ ಚಿತ್ರಗಳನ್ನೂ ಲೇಖನಗಳನ್ನೂ ಅಂತರ್ಜಾಲದಲ್ಲಿ ಹುಡುಕಿ ತೆಗೆಯುತ್ತಾರೆ. ಮಕ್ಕಳಿಗೆ ಕೊಟ್ಟ ಮನೆಗೆಲಸಕ್ಕಾಗಿ ತಾಯಿತಂದೆಗಳೂ ಹಾಗೆಯೇ ಮಾಡುವರು. ಇದರಿಂದ, ಹುಡುಕಿದೊಡನೆ ದೊರೆತುದೆಲ್ಲವೂ ಎಲ್ಲರ ಸೊತ್ತೆಂಬ ಭಾವನೆ ಹರಡಿದೆ. ಅದು ಸರಿಯಲ್ಲ, ಹಾಗೆಂದು ಏನನ್ನೂ ಮುಟ್ಟಲಾಗದೆಂದು ಹೆದರುವುದೂ ಅನಾವಶ್ಯಕ.

ನಮ್ಮ ದೇಶದ 1957ನೆಯ ಇಸವಿಯ ಗ್ರಂಥಸ್ವಾಮ್ಯದ ಕಾನೂನು ಗುರುಶಿಷ್ಯರ ವಿಷಯದಲ್ಲಿ ಉದಾರವಾಗಿದೆ. ಅದರ 52ನೆಯ ವಿಧಿಯಂತೆ, ಬೋಧನೆಯ ಸಂದರ್ಭದಲ್ಲಿ ಉಪಾಧ್ಯಾಯರಾಗಲಿ ವಿದ್ಯಾರ್ಥಿಗಳಾಗಲಿ ಒಂದು ಕೃತಿಯನ್ನು ಪ್ರತಿಮಾಡಿಕೊಂಡರೆ ಸ್ವಾಮ್ಯಕ್ಕೆ ಭಂಗವಿಲ್ಲ. ಪ್ರಶ್ನಪತ್ರಿಕೆಗೂ ಈ ವಿನಾಯಿತಿಯುಂಟು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿಕೊಡುತ್ತಿದ್ದ ಬಗ್ಗೆ ವ್ಯಾಜ್ಯವೆದ್ದಾಗ, ದೆಹಲಿಯ ಉಚ್ಚ ನ್ಯಾಯಾಲಯವು 2016ರಲ್ಲಿ, ಬೋಧನೆಗೆ ಅವಶ್ಯವಾದಷ್ಟನ್ನು ಪ್ರತಿಮಾಡಬಹುದೆಂದು ಹೇಳಿತು. ಶಾಲೆಯವರೂ ಮಕ್ಕಳ ಪೋಷಕರೂ ಮಾತ್ರವೇ ನೋಡುವಂತೆ ಮಕ್ಕಳು ನಾಟಕವಾಡುವುದಕ್ಕೂ ತಡೆಯಿಲ್ಲ.

ತೊಡಕು ಬರುವುದು ಪಾಠವು ಕೊಠಡಿಯ ಹೊಸಿಲನ್ನು ದಾಟಿದಾಗ. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಮೊದಲುಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಕುರಿತು ಪಾಠ ಹೇಳುವ ಉಪಾಧ್ಯಾಯಿನಿಯು, ಅನ್ಯರು ತೆಗೆದ ಛಾಯಾಚಿತ್ರವೊಂದನ್ನು ತರಗತಿಯಲ್ಲಿ ತೋರಿಸಿದರೆ ಚಿಂತೆಯಿಲ್ಲ. ಅದೇ ಪಾಠವನ್ನು ಯೂಟ್ಯೂಬಿನಲ್ಲಿ ಲೋಕಕ್ಕೆಲ್ಲ ಬಿತ್ತರಿಸಹೊರಟರೆ ಈ ವಿನಾಯಿತಿಯನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಅಂಥ ಪಾಠಕ್ಕೆ, ಒಡೆಯರೇ ಬಳಕೆಗೆ ಬಿಟ್ಟುಕೊಟ್ಟ ಸಾಮಗ್ರಿಯನ್ನು ಹುಡುಕಬೇಕು. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಲ್ಲಿ ಇಂಥ ಚಿತ್ರಗಳು ಹೇರಳವಾಗಿವೆ. ಗೂಗಲ್ ಚಿತ್ರಶೋಧದಲ್ಲಿಯೂ ಬಳಕೆಯ ಹಕ್ಕುಗಳೆಂಬಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನು ಆರಿಸಿದರೆ ಪರವಾನಗಿಯುಳ್ಳವು ಮಾತ್ರ ಕಾಣುವುವು. ಆದರೂ ಚಿತ್ರವಿರುವ ಮೂಲಪುಟವನ್ನು ತೆರೆದು ನಿಬಂಧನೆಗಳನ್ನು ಓದಬೇಕು: ಕೆಲವರು ತಮ್ಮ ಹೆಸರನ್ನು ಹೇಳಬೇಕೆನ್ನುವರು, ಕೆಲವರು ವ್ಯಾಪಾರಕ್ಕೆ ಬಳಸಬಾರದೆನ್ನುವರು, ಮತ್ತೆ ಕೆಲವರು ಬದಲಾಯಿಸಬಾರದೆನ್ನುವರು. ಪರವಾನಗಿಯಿಲ್ಲದ ಚಿತ್ರದ ಕೆಳಗೆ ಹೆಸರು ಬರೆದ ಮಾತ್ರಕ್ಕೆ ಅನುಮತಿ ದೊರೆತಂತಾಗದು.

ಗ್ರಂಥಗಳಿಗೆ ಲೆಕ್ಕ ಸುಲಭ. ಗ್ರಂಥಕರ್ತರ ಜೀವಿತಕಾಲದಲ್ಲಿಯೂ, ಅವರು ತೀರಿಕೊಂಡ ವರ್ಷದ ಮೇಲೆ 60 ವರ್ಷಗಳವರೆಗೂ ಸ್ವಾಮ್ಯ ನಿಲ್ಲುವುದು. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಅಚ್ಚಾದ ಮಕ್ಕಳ ಪದ್ಯಗಳು ಈಗ ಎಲ್ಲರವು. ಕುಪ್ಪಳಿಯ ಕುವೆಂಪು ಅವರು ತೀರಿಕೊಂಡುದು 1994ರಲ್ಲಿ. ಅವರ ಕೃತಿಗಳ ಸ್ವಾಮ್ಯವು 2054ರ ಕೊನೆಯವರೆಗೆ ಇರುವುದು. ಹಳೆಯ ಪುಸ್ತಕಗಳನ್ನು ಅರಸುವವರಿಗೆ ಕನ್ನಡ ವಿಕಿಸೋರ್ಸ್ ಒಳ್ಳೆಯ ತಾಣ.

ಇದೆಲ್ಲ ಶಾಲೆಯವರ ಚಿಂತೆಯೆಂದು ಗೃಹಸ್ಥರು ಸುಮ್ಮನಿರಲಾಗದು. ಪರರ ಶ್ರಮವನ್ನು ಹೆಸರಿಲ್ಲದೆ ಎತ್ತಿಕೊಳ್ಳುವ ಅಭ್ಯಾಸ ಮೊಳೆಯುವುದು ಮನೆಯ ಮೇಜಿನ ಮೇಲೆಯೇ. ಮಗು ಅಂಟಿಸುವ ಪ್ರತಿಯೊಂದು ಚಿತ್ರದ ಕೆಳಗೂ ಅದು ಯಾರದು, ಎಲ್ಲಿಯದು ಎಂಬುದನ್ನು ಬರೆಯಿಸಿರಿ. ತುಂಗೆಯ ಚಿತ್ರವೇ ಬೇಕೆಂದರೆ ಶಿವಮೊಗ್ಗೆಯ ಮಗುವನ್ನು ಹೊಳೆಯ ದಂಡೆಗೆ ಕರೆದೊಯ್ಯಿರಿ. ಅಲ್ಲಿ ಅದು ತೆಗೆದ ಇಲ್ಲವೆ ಬರೆದ ಚಿತ್ರಕ್ಕೆ ಅದೇ ಒಡೆಯ.